ರಾಜ್ಯಪಾಲರನ್ನು ನಾವು ಯಾಕೆ ಆರಿಸುವುದಿಲ್ಲ?

ನಿಮ್ಮ ಪ್ರಶ್ನೆ: ‘ಶಾಸಕರನ್ನು ನಾವೇ ಆರಿಸುತ್ತೇವೆ. ರಾಜ್ಯಪಾಲರು ಮಾತ್ರ ದೆಹಲಿಯಿಂದ ಯಾಕೆ ಬರುತ್ತಾರೆ? ಇದು ಬ್ರಿಟಿಷರು ಬಿಟ್ಟುಹೋದ ಹುದ್ದೆಯಾ?’

ಹುದ್ದೆ ಬ್ರಿಟಿಷರದ್ದೇ, ಅನುಮಾನವಿಲ್ಲ. ಆದರೆ ಓಟು ಬೇಡ, ನೇಮಕವೇ ಸಾಕು ಎಂದು ತೀರ್ಮಾನಿಸಿದವರು ನಮ್ಮವರೇ. ಅದೂ ಮೊದಲು ಓಟೇ ಇರಲಿ ಎಂದು ಹೇಳಿ, ಆಮೇಲೆ ಮನಸ್ಸು ಬದಲಿಸಿ. ಕೆಎಎಸ್ ಪರೀಕ್ಷೆಗೆ ಓದುವಾಗ ಸಂವಿಧಾನದ 153ನೇ ವಿಧಿಯಿಂದ ಮುಂದಕ್ಕೆ ಸುಮ್ನೆ ಉರು ಹೊಡೆದಿದ್ದೆ. ಪರೀಕ್ಷೆ ಪಾಸಾಗಲಿಲ್ಲ, ಈ ಕತೆ ಮಾತ್ರ ತಲೆಯಲ್ಲಿ ಉಳಿದುಕೊಂಡಿತು.

ಕಂಪನಿ ಕಾಲದಲ್ಲಿ ಮದ್ರಾಸು, ಬೊಂಬಾಯಿ, ಬಂಗಾಳಕ್ಕೆ ಒಬ್ಬೊಬ್ಬ ಗವರ್ನರ್ ಇದ್ದ. 1773ರ ಕಾಯ್ದೆ ಬಂಗಾಳದ ಗವರ್ನರನನ್ನು ಗವರ್ನರ್ ಜನರಲ್ ಮಾಡಿ ಮಿಕ್ಕವರ ಮೇಲೆ ಕೂರಿಸಿತು. ಆಗ ಗವರ್ನರ್ ಎಂದರೆ ನಿಜಕ್ಕೂ ಆಳುವವನು, ಸಹಿ ಹಾಕುವವನಲ್ಲ. ಅಂದಹಾಗೆ ಕನ್ನಡಿಗರಿಗೆಲ್ಲ ಸೇರಿ ಒಬ್ಬ ಗವರ್ನರ್ ಅಂತ ಇರಲೇ ಇಲ್ಲ. ಧಾರವಾಡದವರಿಗೆ ಬೊಂಬಾಯಿ ಗವರ್ನರ್. ಮಂಗಳೂರು, ಬಳ್ಳಾರಿಯವರಿಗೆ ಮದ್ರಾಸಿನವನು. ಕಲಬುರಗಿಯವರಿಗೆ ನಿಜಾಮ, ಮೈಸೂರಿನವರಿಗೆ ಮಹಾರಾಜರು.

ಇವತ್ತಿನ ಜಗಳಗಳ ಬೇರು ಇರುವುದು ಬ್ರಿಟಿಷರು ಮಾಡಿದ 1935ರ ಕಾಯ್ದೆಯಲ್ಲಿ. ಪ್ರಾಂತಗಳಿಗೆ ಚುನಾಯಿತ ಮಂತ್ರಿಮಂಡಲ ಕೊಟ್ಟರು. ಜೊತೆಗೇ ಕೆಲವು ವಿಷಯಗಳಲ್ಲಿ ಗವರ್ನರ್ ತನ್ನ ವಿವೇಚನೆಯಂತೆ ನಡೆಯಬಹುದು ಎಂದರು. ಆಡಳಿತ ನಡೆಯುತ್ತಿಲ್ಲ ಅನ್ನಿಸಿದರೆ 93ನೇ ಸೆಕ್ಷನ್ ಪ್ರಕಾರ ಇಡೀ ಪ್ರಾಂತವನ್ನೇ ಕೈಗೆ ತೆಗೆದುಕೊಳ್ಳಬಹುದಿತ್ತು. 1937ರ ಚುನಾವಣೆ ಗೆದ್ದ ಕಾಂಗ್ರೆಸ್, ‘ಗವರ್ನರ್ ಮಧ್ಯೆ ತಲೆಹಾಕುವುದಿಲ್ಲ ಎಂದು ಭರವಸೆ ಕೊಡಿ’ ಎಂದು ಪಟ್ಟು ಹಿಡಿದು ತಿಂಗಳುಗಟ್ಟಲೆ ಅಧಿಕಾರವನ್ನೇ ಮುಟ್ಟಲಿಲ್ಲ.

ಮರುವರ್ಷ ಒಡಿಶಾದಲ್ಲಿ ನಡೆದದ್ದು ನನಗೆ ತುಂಬಾ ಇಷ್ಟವಾದ ಪ್ರಸಂಗ. ಗವರ್ನರ್ ಹಬಾಕ್ ರಜೆಗೆ ಹೊರಟರು. ಅವರ ಜಾಗಕ್ಕೆ ತಾತ್ಕಾಲಿಕವಾಗಿ ಒಬ್ಬ ಐಸಿಎಸ್ (ಇವತ್ತಿನ ಐಎಎಸ್ ಇದ್ದ ಹಾಗೆ) ಅಧಿಕಾರಿಯನ್ನು ಗೊತ್ತುಮಾಡಿದರು. ನಿನ್ನೆಯವರೆಗೆ ಮಂತ್ರಿಗಳ ಕೈಕೆಳಗೆ ಕೆಲಸ ಮಾಡಿದವನು ನಾಳೆ ಅವರ ತಲೆಯ ಮೇಲೆ! ಪ್ರಧಾನಿಯಾಗಿದ್ದ (ಆಗ ಮುಖ್ಯಮಂತ್ರಿಯನ್ನು ಹಾಗೇ ಕರೆಯುತ್ತಿದ್ದರು) ಬಿಶ್ವನಾಥ ದಾಸ್ ರಾಜೀನಾಮೆಗೆ ಸಿದ್ಧರಾದರು. ಕೊನೆಗೆ ಗವರ್ನರ್ ಸಾಹೇಬರು ರಜೆಯನ್ನೇ ರದ್ದು ಮಾಡಿಕೊಂಡರು. ಇದೇ ದಾಸ್ 1962ರಲ್ಲಿ ಉತ್ತರ ಪ್ರದೇಶದ ರಾಜ್ಯಪಾಲರಾದರು, ನೋಡಿ.

ಇಷ್ಟೆಲ್ಲ ಅನುಭವಿಸಿದ್ದರಿಂದಲೇ 1947ರಲ್ಲಿ ಸಂವಿಧಾನ ರಚನಾ ಸಭೆಯವರು ರಾಜ್ಯಪಾಲರನ್ನು ಜನರೇ ನೇರವಾಗಿ ಆರಿಸಲಿ ಎಂದರು. ಪ್ರಾಂತಗಳ ಸಂವಿಧಾನ ಸಮಿತಿಯ ಅಧ್ಯಕ್ಷರಾಗಿದ್ದವರು ಸರ್ದಾರ್ ಪಟೇಲ್. 1948ರ ಕರಡಿನಲ್ಲಿ ಎರಡು ದಾರಿ ಇದ್ದವು. ಒಂದು ನೇರ ಚುನಾವಣೆ. ಇನ್ನೊಂದು, ಶಾಸಕರು ನಾಲ್ಕು ಹೆಸರು ಆರಿಸಿ ಕೊಡುವುದು, ಅದರಲ್ಲಿ ಒಬ್ಬರನ್ನು ರಾಷ್ಟ್ರಪತಿ ನೇಮಿಸುವುದು. 1949ರ ಮೇ ಕೊನೆಯಲ್ಲಿ ಎರಡನ್ನೂ ಕೈಬಿಟ್ಟರು. ಒಂದೇ ಒರೆಯಲ್ಲಿ ಎರಡು ಕತ್ತಿ ಬೇಡ ಎಂಬುದು ಮುಖ್ಯ ಕಾರಣ. ಇಡೀ ರಾಜ್ಯದ ಓಟು ಪಡೆದ ರಾಜ್ಯಪಾಲ, ಒಂದು ಕ್ಷೇತ್ರದಿಂದ ಗೆದ್ದ ಮುಖ್ಯಮಂತ್ರಿಯ ಮಾತು ಯಾಕೆ ಕೇಳುತ್ತಾನೆ, ಅಲ್ವಾ? ದೇಶ ವಿಭಜನೆಯ ಗಾಯವೂ ಹಸಿಯಾಗಿತ್ತು. ಕೇಂದ್ರ ಗಟ್ಟಿಯಾಗಿರಲಿ ಎಂಬ ಭಾವನೆ ಜಾಸ್ತಿ ಇತ್ತು. ರಾಜಕೀಯದಲ್ಲಿ ಅಷ್ಟಾಗಿ ಬೆರೆಯದ, ಹೊರಗಿನ ಗಣ್ಯರು ಬಂದರೆ ಒಳ್ಳೆಯದು ಎಂಬುದು ನೆಹರೂ ಅವರ ಆಸೆ. ಆಮೇಲೆ ಬಂದವರಲ್ಲಿ ಎಷ್ಟೋ ಜನ ನಿವೃತ್ತ ರಾಜಕಾರಣಿಗಳೇ.

ನಾನು ತಕರಾರು ತೆಗೆಯುವುದು ನೇಮಕದ ಬಗ್ಗೆ ಅಲ್ಲ. ಓಟು ಬೇಡ ಎಂದಮೇಲೆ ಹಳೇ ಅಧಿಕಾರವನ್ನೂ ತೆಗೆಯಬೇಕಿತ್ತು. ತೆಗೆಯಲಿಲ್ಲ. ‘ವಿವೇಚನೆ’ ಎಂಬ ಪದ 163ನೇ ವಿಧಿಯಲ್ಲಿ ಹಾಗೇ ಬಂದು ಕೂತಿತು. ಯಾವುದು ತನ್ನ ವಿವೇಚನೆಗೆ ಬಿಟ್ಟದ್ದು ಎಂಬ ಬಗ್ಗೆಯೂ ರಾಜ್ಯಪಾಲರ ತೀರ್ಮಾನವೇ ಕೊನೆ ಎಂದು ಅಲ್ಲೇ ಬರೆದಿದೆ. ಹಳೇ 93ನೇ ಸೆಕ್ಷನ್ನಿನ ಮೊಮ್ಮಗನ ಹಾಗೆ 356ನೇ ವಿಧಿ ಬಂತು. ರಾಜ್ಯಪಾಲರು ಒಂದು ವರದಿ ಬರೆದರೆ ಸಾಕು, ಸರ್ಕಾರವೇ ಹೋಗಬಹುದು.

ನಮ್ಮಲ್ಲಿ ಇದು ಮೆತ್ತಗೆ ಶುರುವಾಯಿತು. ಜಯಚಾಮರಾಜ ಒಡೆಯರ್ ಮೊದಲು ಮಹಾರಾಜರು, 1950ರಿಂದ ರಾಜಪ್ರಮುಖರು (ಹಳೇ ಸಂಸ್ಥಾನಗಳಲ್ಲಿ ರಾಜ್ಯಪಾಲರ ಜಾಗದಲ್ಲಿದ್ದ ಹುದ್ದೆ). 1956ರಲ್ಲಿ ಆ ಹುದ್ದೆ ರದ್ದಾಗಿ ವಿಶಾಲ ಮೈಸೂರಿನ ರಾಜ್ಯಪಾಲರಾದರು. ಮೂರು ಟೋಪಿ, ಒಂದೇ ತಲೆ. 1964ರಲ್ಲಿ ಮದ್ರಾಸಿನ ರಾಜ್ಯಪಾಲರಾಗಿ ಹೋದರು.

ಬಿಸಿ ತಟ್ಟಿದ್ದು 1989ರ ಏಪ್ರಿಲ್‌ನಲ್ಲಿ. ಕೆಲವು ಶಾಸಕರು ಬೆಂಬಲ ವಾಪಸ್ ಪಡೆದಿದ್ದೇವೆ ಎಂದು ಪತ್ರ ಕೊಟ್ಟರು. ಎಸ್. ಆರ್. ಬೊಮ್ಮಾಯಿಯವರಿಗೆ ಬಹುಮತ ಇಲ್ಲ ಎಂದು ರಾಜ್ಯಪಾಲ ವೆಂಕಟಸುಬ್ಬಯ್ಯ ವರದಿ ಕಳಿಸಿದರು. ಪತ್ರ ಕೊಟ್ಟವರಲ್ಲೇ ಕೆಲವರು ಮಾತು ಬದಲಿಸಿದರು. ಸದನದಲ್ಲೇ ಬಲ ತೋರಿಸುತ್ತೇನೆ ಎಂದು ಬೊಮ್ಮಾಯಿ ಹೇಳಿದರೂ ಅವಕಾಶ ಸಿಗಲಿಲ್ಲ. 21ಕ್ಕೆ ರಾಷ್ಟ್ರಪತಿ ಆಳ್ವಿಕೆ ಬಂತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತ ಎಣಿಸುವ ಜಾಗ ಸದನ, ರಾಜಭವನ ಅಲ್ಲ ಎಂದಿತು. ಬೊಮ್ಮಾಯಿಯವರಿಗೆ ಕುರ್ಚಿಯೇನೂ ವಾಪಸ್ ಬರಲಿಲ್ಲ. ಆದರೆ ಇವತ್ತಿಗೂ ಯಾವ ರಾಜ್ಯದಲ್ಲಿ ಸರ್ಕಾರ ಅಲುಗಾಡಿದರೂ ವಕೀಲರು ಮೊದಲು ಹೇಳುವುದು ಅವರ ಹೆಸರನ್ನೇ. 2018ರಲ್ಲಿ ಯಡಿಯೂರಪ್ಪನವರಿಗೆ ರಾಜ್ಯಪಾಲರು 15 ದಿನ ಕೊಟ್ಟಿದ್ದರು. ಕೋರ್ಟು ಮಧ್ಯೆ ಬಂದು ನಾಳೆಯೇ ಬಹುಮತ ತೋರಿಸಿ ಎಂದಿತು. ಮತಕ್ಕೆ ಹಾಕುವ ಮೊದಲೇ ಅವರು ರಾಜೀನಾಮೆ ಕೊಟ್ಟರು.

ಹೀಗಾಗಿ ಸರ್ಕಾರ ಬೀಳಿಸುವುದು ಈಗ ಅಷ್ಟು ಸುಲಭವಲ್ಲ. ಜಗಳ ಮಸೂದೆಗಳ ಕಡೆ ತಿರುಗಿದೆ. ಅಂಕಿತ ಹಾಕದೆ ಸುಮ್ಮನೆ ಇಟ್ಟುಕೊಂಡರೆ ಏನು ಮಾಡುವುದು?

ನೇರ ಚುನಾವಣೆ ಇದಕ್ಕೆ ಮದ್ದು ಎಂದು ನನಗನ್ನಿಸುವುದಿಲ್ಲ, ಅದರಿಂದ ಗುದ್ದಾಟ ಇನ್ನೂ ಜೋರಾಗುತ್ತದೆ. ಆದರೆ ಶಾಸಕರು ನಾಲ್ಕು ಹೆಸರು ಕೊಡುವ ಆ ಎರಡನೇ ದಾರಿಯನ್ನು ಅಷ್ಟು ಬೇಗ ಕೈಬಿಡಬಾರದಿತ್ತು. ಆಗ ಬರುವವರು ದೆಹಲಿಗೆ ಮಾತ್ರವಲ್ಲ, ಇಲ್ಲಿಯ ಸದನಕ್ಕೂ ಸ್ವಲ್ಪ ಋಣದಲ್ಲಿ ಇರುತ್ತಿದ್ದರು.