ಓದುಗರ ಪ್ರಶ್ನೋತ್ತರ: ದುರ್ಗದ ಸೀಮೆಯ ಕಲ್ಲು, ಕಾಡು, ಕಾವಲು

ಪ್ರಶ್ನೆ: ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ಸಮುದ್ರದ ತಳದಲ್ಲಿ ಹರಿದ ಲಾವಾ ಕಲ್ಲಾಗಿ ಉಳಿದಿದೆಯೆಂದು ನಮ್ಮ ಮೇಷ್ಟ್ರು ಹೇಳಿದರು. ಮಳೆಯೇ ಕಡಿಮೆಯಿರುವ ಈ ಸೀಮೆಯಲ್ಲಿ ಸಮುದ್ರವಿತ್ತೆಂದು ಹೇಗೆ ನಂಬುವುದು?
– ಹತ್ತನೆಯ ತರಗತಿಯ ವಿದ್ಯಾರ್ಥಿನಿ, ಹಿರಿಯೂರು

ಉತ್ತರ: ಆ ಕಲ್ಲಿನ ಆಕಾರವೇ ಅದಕ್ಕೆ ಸಾಕ್ಷಿ. ಲಾವಾ ನೀರಿನಡಿಯಲ್ಲಿ ಉಕ್ಕಿದಾಗ ಅದರ ಹೊರಮೈ ಕ್ಷಣಾರ್ಧದಲ್ಲಿ ತಣಿದು ಸಿಪ್ಪೆಗಟ್ಟುತ್ತದೆ. ಒಳಗಿನ ರಸ ಇನ್ನೂ ದ್ರವವಾಗಿಯೇ ಇರುವುದರಿಂದ ಒತ್ತಡ ತಾಳಲಾರದೆ ಸಿಪ್ಪೆ ಒಂದೆಡೆ ಬಿರಿಯುತ್ತದೆ, ಅಲ್ಲಿಂದ ಹೊರಬಿದ್ದ ರಸ ಮತ್ತೊಂದು ಉಂಡೆಯಾಗಿ ಗಟ್ಟಿಯಾಗುತ್ತದೆ. ಹೀಗೆ ಒಂದರ ಮೇಲೊಂದು ಕೂಡುತ್ತ ಹೋದ ಕಲ್ಲುಗಳು ಒಟ್ಟಿದ ದಿಂಬುಗಳಂತೆ ಕಾಣುವುದರಿಂದ ಅದಕ್ಕೆ ದಿಂಬು ಲಾವಾ ಎಂಬ ಹೆಸರು ಬಂದಿದೆ. ಹವಾಯಿ ದ್ವೀಪಗಳ ಕರಾವಳಿಯಲ್ಲಿ ಇದೇ ಕ್ರಿಯೆ ಇಂದಿಗೂ ನಡೆಯುತ್ತದೆ. ನೀರಿನೊಳಗೆ ಮುಳುಗಿದವರು ಅದನ್ನು ಕಣ್ಣಾರೆ ಕಂಡು ಚಿತ್ರೀಕರಿಸಿದ್ದಾರೆ. ಇಂದು ಕಣ್ಣೆದುರು ನಡೆಯುವುದನ್ನು ಹಿಡಿದು ಅಂದು ನಡೆದದ್ದನ್ನು ಊಹಿಸುವುದು ಭೂವಿಜ್ಞಾನದ ಮುಖ್ಯ ದಾರಿ.

ಮರಡಿಹಳ್ಳಿಗೆ ಹೋದರೆ ಒಂದೊಂದು ಉಂಡೆಯನ್ನೂ ಹತ್ತಿರದಿಂದ ನೋಡಿರಿ. ಮೇಲ್ಭಾಗ ಉಬ್ಬಿರುತ್ತದೆ, ಕೆಳಭಾಗ ಚೂಪಾಗಿ ಕೆಳಗಿನ ಎರಡು ಉಂಡೆಗಳ ನಡುವಣ ಸಂದಿಗೆ ಇಳಿದಿರುತ್ತದೆ. ಭೂಮಿಯ ಚಲನೆಯಿಂದ ಪದರಗಳು ಮಗುಚಿ ನಿಂತಿದ್ದರೂ ಮೂಲದಲ್ಲಿ ಯಾವ ದಿಕ್ಕು ಮೇಲಿತ್ತೆಂದು ಈ ಚೂಪಿನಿಂದಲೇ ಹೇಳಬಹುದು. ಇವುಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಆದ್ದರಿಂದ ಇಲ್ಲಿ ಹೇಳುವ ಸಮುದ್ರ ಇಂದಿನ ಅರಬ್ಬೀ ಸಮುದ್ರವಲ್ಲ, ಮೀನು ಮರಗಳು ಹುಟ್ಟುವುದಕ್ಕೆ ಬಹಳ ಮುಂಚಿನದು. ಕೋಟೆಯ ಬಂಡೆಗಳೊಡನೆ ಇದನ್ನು ಸೇರಿಸಿಕೊಳ್ಳಬೇಡಿ. ಅವು ಗ್ರಾನೈಟ್, ನೆಲದಾಳದಲ್ಲಿ ನಿಧಾನವಾಗಿ ತಣಿದದ್ದರಿಂದ ಅವುಗಳಲ್ಲಿ ಹರಳುಗಳು ಬರಿಗಣ್ಣಿಗೇ ಕಾಣುತ್ತವೆ. ಮರಡಿಹಳ್ಳಿಯ ಕಲ್ಲು ಬೇಗ ತಣಿದದ್ದು, ಹಾಗಾಗಿ ಅದರ ಕಣಗಳು ನುಣುಪು. ಈ ತಾಣ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾದ್ದರಿಂದ ಸುತ್ತಿಗೆಯನ್ನು ಮನೆಯಲ್ಲೇ ಬಿಟ್ಟು ಹೋಗಿ.

ಪ್ರಶ್ನೆ: ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಶಾಸನದಲ್ಲಿ ಅಶೋಕನ ಹೆಸರೇ ಇಲ್ಲವಂತೆ. ಹಾಗಾದರೆ ಅದು ಅವನದೇ ಎಂದು ಹೇಗೆ ತಿಳಿಯಿತು?
– ಪಿಯು ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ನೀವು ಕೇಳಿದ್ದು ನಿಜ. ಅಲ್ಲಿ 'ದೇವಾನಾಂಪಿಯ', ಅಂದರೆ ದೇವತೆಗಳಿಗೆ ಪ್ರಿಯನಾದವನು ಎಂಬ ಬಿರುದು ಮಾತ್ರ ಇದೆ. ಬ್ರಾಹ್ಮೀ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬಿಡಿಸಿ ಓದಿದ ಮೇಲೆ ಈ ಬಿರುದಿನ ದೊರೆ ಯಾರೆಂಬ ಪ್ರಶ್ನೆ ಎದ್ದಿತು. ಸಿಂಹಳದ ಪಾಳಿ ಗ್ರಂಥಗಳ ನೆರವಿನಿಂದ ಅದು ಅಶೋಕನೇ ಎಂದು ಜಾರ್ಜ್ ಟರ್ನರ್ ಗುರುತಿಸಿದ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಶಾಸನಗಳನ್ನು ಬಿ.ಎಲ್. ರೈಸ್ ಬೆಳಕಿಗೆ ತಂದದ್ದು 1892ರಲ್ಲಿ. ಆದರೂ ಕಲ್ಲಿನ ಮೇಲೆಯೇ ಹೆಸರು ಕಾಣುವವರೆಗೆ ಸಂದೇಹ ಪೂರ್ತಿ ಹೋಗಿರಲಿಲ್ಲ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ದೊರೆತ ಶಾಸನದಲ್ಲಿ 'ದೇವಾನಾಂಪಿಯಸ ಅಸೋಕಸ' ಎಂದೇ ಇತ್ತು. ತಾನು ಎರಡೂವರೆ ವರ್ಷಕ್ಕೂ ಮಿಕ್ಕಿ ಉಪಾಸಕನಾಗಿದ್ದೇನೆ ಎಂದು ದೊರೆ ಹೇಳಿಕೊಳ್ಳುವ ಮಾತು ಮಸ್ಕಿಯಲ್ಲೂ ಬ್ರಹ್ಮಗಿರಿಯಲ್ಲೂ ಬರುತ್ತದೆ. ಆದ್ದರಿಂದ ಎರಡೂ ಒಬ್ಬನವೇ ಎಂಬುದು ಖಚಿತವಾಯಿತು.

ನನಗೆ ದೊರೆಗಿಂತ ಹೆಚ್ಚು ಕುತೂಹಲ ಹುಟ್ಟಿಸುವವನು ಆ ಶಾಸನವನ್ನು ಬರೆದವನು. ತಂದೆ ತಾಯಿಗೆ ವಿಧೇಯರಾಗಿರಿ, ಜೀವಿಗಳ ವಿಷಯದಲ್ಲಿ ಕರುಣೆಯಿರಲಿ, ಸತ್ಯವನ್ನೇ ನುಡಿಯಿರಿ ಎಂಬ ಪ್ರಾಕೃತ ಭಾಷೆಯ ಆಜ್ಞೆಗಳೆಲ್ಲ ಎಡದಿಂದ ಬಲಕ್ಕೆ ಬ್ರಾಹ್ಮೀ ಲಿಪಿಯಲ್ಲಿ ಸಾಗಿ ಬರುತ್ತವೆ. ಕೊನೆಯಲ್ಲಿ ಚಪಡನೆಂಬವನು ಇದನ್ನು ಬರೆದನೆಂದು ಹೇಳುವಾಗ 'ಲಿಪಿಕರೇಣ' ಎಂಬ ಒಂದೇ ಪದ ಬಲದಿಂದ ಎಡಕ್ಕೆ ಓದುವ ಖರೋಷ್ಠಿ ಲಿಪಿಗೆ ತಿರುಗುತ್ತದೆ. ಖರೋಷ್ಠಿ ನಡೆಯುತ್ತಿದ್ದುದು ಗಾಂಧಾರದ ಕಡೆ, ಇಂದಿನ ಪಾಕಿಸ್ತಾನದ ವಾಯವ್ಯ ಭಾಗದಲ್ಲಿ. ಆದುದರಿಂದ ಚಪಡ ಆ ಸೀಮೆಯವನಿರಬೇಕು, ಇಲ್ಲವೆ ಅಲ್ಲಿ ಅಕ್ಷರ ಕಲಿತವನಿರಬೇಕು ಎಂದು ವಿದ್ವಾಂಸರು ತರ್ಕಿಸಿದ್ದಾರೆ. ಇಲ್ಲಿನ ಜನಕ್ಕೆ ಓದಲು ಬಾರದ ಲಿಪಿಯಲ್ಲಿ ತನ್ನ ವೃತ್ತಿಯನ್ನು ಕೆತ್ತಿದ್ದರಲ್ಲಿ ಸ್ವಲ್ಪ ಜಂಬವೂ ಇದ್ದಿರಬಹುದೆಂದು ನನ್ನ ಅನಿಸಿಕೆ.

ಪ್ರಶ್ನೆ: ಕೊಂಡುಕುರಿಗೆ ನಿಜವಾಗಿಯೂ ನಾಲ್ಕು ಕೊಂಬುಗಳಿವೆಯೇ?
– ಎಂಟನೆಯ ತರಗತಿಯ ವಿದ್ಯಾರ್ಥಿ, ಜಗಳೂರು

ಉತ್ತರ: ಗಂಡಿಗೆ ಮಾತ್ರ ಇವೆ, ಹೆಣ್ಣಿಗೆ ಕೊಂಬೇ ಇಲ್ಲ. ಕಿವಿಗಳ ನಡುವಿನ ಜೋಡಿ ಉದ್ದ, ಹಣೆಯ ಮೇಲಿನ ಜೋಡಿ ಗಿಡ್ಡ. ಹೆಸರಿನಲ್ಲಿ ಕುರಿ ಇದ್ದರೂ ಇದು ಕೃಷ್ಣಮೃಗದಂತೆ ಹುಲ್ಲೆಗಳ ಗುಂಪಿಗೆ ಸೇರಿದ್ದು, ಜಿಂಕೆಯಂತೆ ಕೊಂಬನ್ನು ಉದುರಿಸುವುದಿಲ್ಲ. ನಿಮ್ಮ ತಾಲ್ಲೂಕಿನ ರಂಗಯ್ಯನದುರ್ಗ ಅಭಯಾರಣ್ಯ ಇದಕ್ಕೆಂದೇ ಮೀಸಲಾದದ್ದು. ನಾಚಿಕೆಯ ಪ್ರಾಣಿಯಾದ್ದರಿಂದ ಹೋದ ಕೂಡಲೇ ಕಂಡೀತೆಂಬ ಆಸೆ ಬೇಡ.

ಪ್ರಶ್ನೆ: ಇಸ್ರೋದ 'ಪುಷ್ಪಕ್' ವಾಹನವನ್ನು ಚಳ್ಳಕೆರೆಯ ಬಳಿ ಹೆಲಿಕಾಪ್ಟರಿನಿಂದ ಏಕೆ ಬಿಟ್ಟರು? ರಾಕೆಟ್ಟಿನಲ್ಲೇ ಹಾರಿಸಬಹುದಿತ್ತಲ್ಲವೇ?
– ಡಿಪ್ಲೊಮಾ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಹಾರಿಸಿಯೂ ಆಗಿತ್ತು. ಪುಷ್ಪಕ್ ಎಂಬುದು ಬಾಹ್ಯಾಕಾಶಕ್ಕೆ ಹೋಗಿ ಬಂದ ಮೇಲೆ ಮತ್ತೆ ಬಳಸಲೆಂದು ರೂಪಿಸುತ್ತಿರುವ ರೆಕ್ಕೆಯುಳ್ಳ ವಾಹನ. 2016ರ ಮೇ 23ರಂದು ಇದರ ಪೂರ್ವರೂಪವನ್ನು ಶ್ರೀಹರಿಕೋಟಾದಿಂದ ಸುಮಾರು 65 ಕಿ.ಮೀ. ಎತ್ತರಕ್ಕೆ ಕಳುಹಿಸಿ, ಶಬ್ದದ ಸುಮಾರು ಐದು ಪಟ್ಟು ವೇಗದಲ್ಲಿ ಹಿಂತಿರುಗಿಸಿ, ಬಂಗಾಳಕೊಲ್ಲಿಯಲ್ಲಿ ಇಳಿಸಲಾಗಿತ್ತು. ನೀರಿಗೆ ಬಿದ್ದ ವಾಹನವನ್ನು ಮತ್ತೆ ಬಳಸಲಾಗದು. ಆದ್ದರಿಂದ ಓಡುಹಾದಿಯಲ್ಲಿ ತಾನೇ ಇಳಿಯುವುದನ್ನು ಬೇರೆಯಾಗಿ ಪರೀಕ್ಷಿಸಬೇಕಾಯಿತು. ಅದಕ್ಕಾಗಿ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ವಾಹನವನ್ನು 4.5 ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟಿತು. ಪರೀಕ್ಷೆಗಳು ನಡೆದದ್ದು 2023ರ ಏಪ್ರಿಲ್ 2, 2024ರ ಮಾರ್ಚ್ 22 ಮತ್ತು ಜೂನ್ 23ರಂದು. ಕೊನೆಯ ಪರೀಕ್ಷೆಯಲ್ಲಿ ಅದನ್ನು ಬೇಕೆಂದೇ ಓಡುಹಾದಿಯ ನೇರದಿಂದ 500 ಮೀಟರ್ ಪಕ್ಕಕ್ಕೆ ಬಿಡಲಾಗಿತ್ತು. ಅದು ಬಿರುಸಾದ ಗಾಳಿಯಲ್ಲೂ ತನ್ನ ದಾರಿಯನ್ನು ತಾನೇ ಸರಿಪಡಿಸಿಕೊಂಡು ಬಂದಿತು. ರೆಕ್ಕೆಗಳು ಚಿಕ್ಕವಾದ್ದರಿಂದ ನಿಧಾನವಾಗಿ ತೇಲಲು ಅದಕ್ಕೆ ಸಾಧ್ಯವಿಲ್ಲ. ಪ್ರಯಾಣಿಕರ ವಿಮಾನ ಗಂಟೆಗೆ ಸುಮಾರು 260 ಕಿ.ಮೀ. ವೇಗದಲ್ಲಿ ನೆಲ ಮುಟ್ಟಿದರೆ ಪುಷ್ಪಕ್ 320 ಕಿ.ಮೀ.ಗೂ ಮೀರಿದ ವೇಗದಲ್ಲಿ ಮುಟ್ಟುತ್ತದೆ. ಆಮೇಲೆ ಪ್ಯಾರಾಚೂಟ್ ಬಿಚ್ಚಿಕೊಂಡು ವೇಗವನ್ನು ಸುಮಾರು 100 ಕಿ.ಮೀ.ಗೆ ತಗ್ಗಿಸುತ್ತದೆ, ಉಳಿದದ್ದು ಚಕ್ರದ ಬ್ರೇಕಿನ ಕೆಲಸ.

ಇಂಥ ಪರೀಕ್ಷೆಗೆ ವಿಶಾಲವಾದ ಸಮತಟ್ಟು ನೆಲ ಬೇಕು, ಚಳ್ಳಕೆರೆ ಸೀಮೆಯಲ್ಲಿ ಅದಿದೆ. ಅದನ್ನು ಬರಡು ನೆಲವೆಂದು ಬರೆಯುವವರೂ ಇದ್ದಾರೆ, ಅದು ಸರಿಯಲ್ಲ. ಅದು ಅಮೃತಮಹಲ್ ತಳಿಯ ದನಗಳ ಮೇವಿಗೆಂದು ಮೀಸಲಿಟ್ಟ ಕಾವಲಿನ ಹುಲ್ಲುಗಾವಲು, ದನ ಕುರಿ ಕಾಯುವವರು ತಲೆತಲಾಂತರದಿಂದ ನಂಬಿ ಬದುಕಿದ ನೆಲ. ಇನ್ನು ಮುಂದಿನ ಹಂತವೆಂದರೆ ವಾಹನವನ್ನು ಕಕ್ಷೆಗೇ ಕಳುಹಿಸಿ ಇಳಿಸುವುದು. ಅಲ್ಲಿಂದ ಬರುವಾಗ ವೇಗ ಸೆಕೆಂಡಿಗೆ ಏಳು ಕಿ.ಮೀ.ಗಿಂತ ಹೆಚ್ಚಿರುತ್ತದೆ, ವಾತಾವರಣವನ್ನು ಹೊಕ್ಕಾಗ ಹುಟ್ಟುವ ಆ ತಾಪವನ್ನು ಹೆಲಿಕಾಪ್ಟರಿನಿಂದ ಬಿಟ್ಟು ಪರೀಕ್ಷಿಸಲಾಗುವುದಿಲ್ಲ.