ಬೋರ್ಡೋ ಡ್ರಮ್ಮಿಗೆ ಬಿದ್ದ ಫೋನು: ಬಿಚ್ಚಿಸಿದರೆ ವಾರಂಟಿ ಹೋಗುತ್ತಾ?

ಪ್ರಶ್ನೆ: ಅಡಿಕೆಗೆ ಕೊಳೆ ಔಷಧಿ ಹೊಡೆಯಲು ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಕಲಸುತ್ತಿದ್ದೆ. ಬಗ್ಗಿದಾಗ ಅಂಗಿ ಜೇಬಿನ ಫೋನು ಡ್ರಮ್ಮಿಗೆ ಬಿತ್ತು. ತಕ್ಷಣ ತೆಗೆದು ಒರೆಸಿ ಅಕ್ಕಿ ಡಬ್ಬಿಯಲ್ಲಿಟ್ಟೆ. ಸಂಜೆವರೆಗೆ ಸರಿಯಿತ್ತು, ಮರುದಿನ ಆನ್ ಆಗಲಿಲ್ಲ. ಕೊಂಡು ಏಳು ತಿಂಗಳು. ಐಪಿ68 ಫೋನು, ಅಂದರೆ ನೀರು, ಧೂಳು ತಡೆಯುತ್ತೆ ಅನ್ನೋ ಗುರುತು ಇರುವಂಥದ್ದು. ಪೇಟೆಯ ರಿಪೇರಿ ಹುಡುಗ ಬಿಚ್ಚಿ ಕ್ಲೀನ್ ಮಾಡಿಕೊಡ್ತೀನಿ ಅಂತಾನೆ. ಬಿಚ್ಚಿಸಿದರೆ ವಾರಂಟಿ ಹೋಯ್ತು ಅಂತ ತಮ್ಮ ಬೈತಾನೆ. ಮಗಳ ನಾಮಕರಣದ ಫೋಟೋ ಎಲ್ಲ ಅದರಲ್ಲೇ ಇವೆ. ಏನು ಮಾಡಲಿ ಸರ್?
– ಅಡಿಕೆ ಬೆಳೆಗಾರ, ಶಿರಸಿ ತಾಲ್ಲೂಕು

ಉತ್ತರ: ನಿಮ್ಮ ತಮ್ಮ ಹೇಳಿದ್ದು ಅರ್ಧ ಸರಿ. ನೀರಿನಿಂದ ಆದ ಹಾಳಿಗೆ ವಾರಂಟಿ ಫೋನು ಡ್ರಮ್ಮಿಗೆ ಬಿದ್ದಾಗಲೇ ಹೋಗಿದೆ. ಕಂಪನಿ ವಾರಂಟಿ ಕೊಡುವುದು ತಯಾರಿಕೆಯ ದೋಷಕ್ಕೆ. ಐಪಿ68 ಫೋನಾದರೂ ನೀರು ಹೊಕ್ಕರೆ ಸಾಮಾನ್ಯವಾಗಿ ಪುಕ್ಕಟೆ ರಿಪೇರಿ ಇಲ್ಲ. ಅದೂ ಅಲ್ಲದೆ ಐಪಿ68 ಗುರುತು ಕೊಡುವ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ. ಮೈಲುತುತ್ತ, ಸುಣ್ಣದ ನೀರಿನಲ್ಲಿ ಯಾರೂ ಮುಳುಗಿಸಿ ನೋಡಿರುವುದಿಲ್ಲ!

ಹೊರಗೆ ಬಿಚ್ಚಿಸಿದರೆ ನೀವು ಕಳೆದುಕೊಳ್ಳುವುದು ಒಂದು ವರ್ಷದ ವಾರಂಟಿಯಲ್ಲಿ ಉಳಿದ ಐದು ತಿಂಗಳನ್ನು. ನಾಳೆ ಬ್ಯಾಟರಿಯೋ ಡಿಸ್‌ಪ್ಲೇಯೋ ತಾನಾಗಿ ಕೆಟ್ಟರೂ, ಹಿಂಬದಿಯ ಅಂಟು ಎದ್ದಿದ್ದನ್ನು ತೋರಿಸಿ ಸರ್ವಿಸ್ ಸೆಂಟರಿನವರು ವಾರಂಟಿ ಇಲ್ಲ ಅಂದುಬಿಡಬಹುದು.

ಸಿಮ್ ಟ್ರೇ ಎಳೆದು ಒಳಗೆ ಟಾರ್ಚ್ ಬಿಡಿ. ತುಂಬಾ ಫೋನುಗಳಲ್ಲಿ ಅಲ್ಲೊಂದು ಪುಟ್ಟ ಬಿಳಿ ಪಟ್ಟಿ ಇರುತ್ತದೆ, ನೀರು ತಾಗಿದರೆ ಕೆಂಪಾಗುತ್ತದೆ. ಬೋರ್ಡೋ ಕಲಸಿದ ಮೇಲೆ ನೀವು ಕತ್ತಿ ಅದ್ದಿ ನೋಡ್ತೀರಲ್ಲ, ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ? ಹಾಗೇ ಇದು ಸರ್ವಿಸ್ ಸೆಂಟರಿನವರ ಕತ್ತಿ. ಪಟ್ಟಿ ಬೆಳ್ಳಗೇ ಇದ್ದರೆ ಫೋಟೋ ತೆಗೆದಿಡಿ. ಒಳಗೂ ಇಂಥ ಪಟ್ಟಿಗಳಿರಬಹುದು, ಆದ್ದರಿಂದ ಬೆಳ್ಳಗಿದೆ ಅಂತ ಗೆದ್ದಂತೇನಲ್ಲ.

ಆಮೇಲೆ ಬಿಲ್ ಹುಡುಕಿ. ಕೊಳ್ಳುವಾಗ ಅಂಗಡಿಯವರು ಡ್ಯಾಮೇಜ್ ಪ್ಲಾನ್ (ಬಿದ್ದು, ನೆನೆದು ಕೆಟ್ಟರೆ ಆಗುವ ವಿಮೆ) ಅಂತ ಏನಾದರೂ ಸೇರಿಸಿದ್ದರಾ? ಇದ್ದರೆ ನಿಮ್ಮ ಆಸರೆ ಅದೇ, ವಾರಂಟಿ ಅಲ್ಲ. ಬಿಚ್ಚುವ ಮೊದಲೇ ಅವರಿಗೆ ತಿಳಿಸಬೇಕು. ಹೊರಗಿನವರ ಕೈ ಬಿದ್ದ ಫೋನಿಗೆ ಕ್ಲೇಮ್ ಸಿಗುವುದು ಕಷ್ಟ.

ಪ್ಲಾನ್ ಇಲ್ಲದಿದ್ದರೆ ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ದು ಎಸ್ಟಿಮೇಟ್ ಬರೆಸಿಕೊಳ್ಳಿ. ಫೋಟೋ ಉಳಿಯುವ ಚಿಪ್ ಇರುವ ಒಳಗಿನ ಮುಖ್ಯ ಸರ್ಕ್ಯೂಟ್ ಬೋರ್ಡೇ ಬದಲಿಸಬೇಕು ಅಂದರೆ ಎರಡು ಏಟು: ಖರ್ಚು ಜಾಸ್ತಿ, ಮತ್ತು ಫೋಟೋಗಳು ಹಳೇ ಬೋರ್ಡಿನ ಜೊತೆ ಹೋಗುತ್ತವೆ. ನಿಮಗೆ ಫೋಟೋ ಮುಖ್ಯ ಅಲ್ವಾ? ಹಾಗಿದ್ದರೆ ನಾನು ಐದು ತಿಂಗಳ ವಾರಂಟಿಗೆ ಆಸೆ ಪಡದೆ ಬಿಚ್ಚಿಸುತ್ತಿದ್ದೆ. ಅದೂ ಬೇಗ.

ಬೇಗ ಯಾಕೆ ಅಂದರೆ, ಇಂಥ ಫೋನುಗಳು ನನ್ನ ಟೇಬಲ್ಲಿಗೆ ಬಂದಾಗ ಮೈಕ್ರೋಸ್ಕೋಪಿನಲ್ಲಿ ಒಂದೇ ದೃಶ್ಯ. ಬ್ಯಾಟರಿ ಕನೆಕ್ಟರಿನ ಸುತ್ತ ಹಸಿರು ಕಿಲುಬು, ಬೋರ್ಡಿನ ಚಿಪ್‌ಗಳ ಮೇಲಿನ ತಗಡಿನ ಮುಚ್ಚಳದ ಅಡಿಯಲ್ಲಿ ಇನ್ನೂ ಒದ್ದೆ. ಅಕ್ಕಿ ಅಲ್ಲಿಗೆ ಮುಟ್ಟುವುದೇ ಇಲ್ಲ. ಅದರ ಹುಡಿ ಚಾರ್ಜಿಂಗ್ ತೂತಿಗೆ ಸೇರುತ್ತದೆ, ಅಷ್ಟೇ. ನೀರು ಒಣಗಿದರೂ ಅದರಲ್ಲಿದ್ದ ಉಪ್ಪು, ಸುಣ್ಣ ಬೋರ್ಡಿನ ಮೇಲೆ ಉಳಿಯುತ್ತದೆ. ಸಂಜೆವರೆಗೆ ಫೋನು ಆನ್ ಇತ್ತು ಅಂದಿರಲ್ಲ, ಕರೆಂಟ್ ಇರುವಾಗ ತಾಮ್ರದ ಗೆರೆಗಳು ಇನ್ನೂ ಬೇಗ ತಿನ್ನಿಸಿಕೊಳ್ಳುತ್ತವೆ. ಈಗ ಸುಮ್ನೆ ಆನ್ ಒತ್ತಿ ನೋಡಬೇಡಿ, ಚಾರ್ಜರ್ ಹಾಕಬೇಡಿ. ಒಲೆ ಹತ್ತಿರ ಅಂತೂ ಇಡಲೇಬೇಡಿ. ಹಿಂಬದಿ ಉಬ್ಬಿದ್ದರೆ ಅದುಮದೆ ಹಾಗೇ ಒಯ್ಯಿರಿ, ಬ್ಯಾಟರಿ ಹೊತ್ತಿಕೊಳ್ಳಬಹುದು.

ರಿಪೇರಿ ಹುಡುಗನಿಗೆ ಒಂದೇ ಪ್ರಶ್ನೆ ಕೇಳಿ: ಹೇಗೆ ಕ್ಲೀನ್ ಮಾಡ್ತೀಯಪ್ಪಾ? ಮೊದಲು ಬ್ಯಾಟರಿ ಬಿಡಿಸ್ತೀನಿ, ಬೋರ್ಡ್ ಹೊರಗೆ ತೆಗೆದು ಐಪಿಎಯಲ್ಲಿ ತೊಳೀತೀನಿ ಅಂದರೆ ಕೊಡಿ. ಐಪಿಎ ಅಂದರೆ ಶುದ್ಧ ಐಸೋಪ್ರೊಪೈಲ್ ಆಲ್ಕೋಹಾಲು. ಶಬ್ದದ ಅಲೆಗಳಿಂದ ಕೊಳೆ ಬಿಡಿಸುವ ಅಲ್ಟ್ರಾಸೋನಿಕ್ ಮೆಷಿನ್ ಇದ್ದರೆ ಇನ್ನೂ ಒಳ್ಳೆಯದು. ಬಿಚ್ಚಿ ಬ್ಲೋವರ್ ಹೊಡೀತೀನಿ ಅಂದರೆ ಫೋನು ವಾಪಸ್ ತಗೊಂಡು ಬನ್ನಿ.

ನೀರೇ ತಾಗದ ಫೋನಿಗೆ ನೀರಿನ ನೆಪ ಹೇಳಿ ವಾರಂಟಿ ನಿರಾಕರಿಸಿದವರ ಕೇಸು ಬೇರೆ. ಅಂಥವರು ಸರ್ವಿಸ್ ಸೆಂಟರ್ ಕೊಡುವ ಜಾಬ್ ಶೀಟ್ (ರಿಪೇರಿ ಚೀಟಿ) ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಲಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ.

ನಿಮ್ಮ ಫೋನು ಜೀವ ಪಡೆದರೆ ಅವತ್ತೇ, ಅಂಗಡಿಯಲ್ಲೇ ಕೂತು ಫೋಟೋ ಎಲ್ಲ ಬೇರೆ ಕಡೆ ಹಾಕಿಕೊಳ್ಳಿ. ತೊಳೆದ ಬೋರ್ಡು ಎರಡು ವರ್ಷವೂ ನಡೆಯಬಹುದು, ಎರಡೇ ದಿನವೂ ನಡೆಯಬಹುದು.