ಆ ಹುಟ್ಟುಹಬ್ಬದ ಪತ್ರದಿಂದಲೇ ಶುರು ಮಾಡಿ

ನಮಸ್ಕಾರ,

ನೀವು ಕಳಿಸಿದ ‘ರೋಮನ್ನರ ಇತಿಹಾಸ ಮತ್ತು ಸಂಸ್ಕೃತಿ’ ಲೇಖನವನ್ನು ನಿಧಾನವಾಗಿ ಓದಿದೆ. ಇದ್ದ ಹಾಗೇ ಪ್ರಕಟಿಸಲು ಆಗುವುದಿಲ್ಲ. ಆದರೆ ಅದರೊಳಗೆ ಒಂದು ಒಳ್ಳೆಯ ಲೇಖನ ಅವಿತು ಕೂತಿದೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ರೋಮ್ ಕಟ್ಟಿದನೆನ್ನುವ ರೊಮ್ಯುಲಸ್‌ನಿಂದ ಹಿಡಿದು ಪಶ್ಚಿಮ ರೋಮ್ ಸಾಮ್ರಾಜ್ಯ ಬಿದ್ದ ಕ್ರಿ.ಶ. 476ರವರೆಗೆ, ಸಾವಿರದ ಇನ್ನೂರು ವರ್ಷಗಳನ್ನು ಎಂಟು ಪುಟದಲ್ಲಿ ಓಡಿಸಿದ್ದೀರಿ. ಚಕ್ರವರ್ತಿಯ ಹೆಸರು, ಇಸವಿ, ಯುದ್ಧ, ಮತ್ತೆ ಹೆಸರು. ಒಬ್ಬ ಮನುಷ್ಯನ ಮುಖವೂ ನೆನಪಲ್ಲಿ ಉಳಿಯಲಿಲ್ಲ. ಅವಸರಕ್ಕೆ ತಪ್ಪೂ ನುಸುಳಿವೆ. ಚಕ್ರವರ್ತಿ ನೀರೋ ರೋಮ್ ನಗರದ ದೊಡ್ಡ ಕ್ರೀಡಾಂಗಣ ಕೊಲೋಸಿಯಂನಲ್ಲಿ ಕೂತು ಕಾಳಗ ನೋಡುತ್ತಿದ್ದ ಅಂತ ಬರೆದಿದ್ದೀರಿ. ಅವನು ಸತ್ತದ್ದು 68ರಲ್ಲಿ. ಕೊಲೋಸಿಯಂ ಉದ್ಘಾಟನೆ ಆದದ್ದು 80ರಲ್ಲಿ, ಅದೂ ಅವನ ಅರಮನೆಯ ಕೆರೆ ಇದ್ದ ಜಾಗದಲ್ಲಿ. ಇಂಥದ್ದೊಂದು ಕಣ್ಣಿಗೆ ಬಿದ್ದರೆ ಓದುಗರು ಉಳಿದದ್ದನ್ನೂ ನಂಬುವುದಿಲ್ಲ, ಅಲ್ವಾ?

ಆರನೇ ಪುಟದಲ್ಲಿ ಮಾತ್ರ ನಾನು ನಿಂತುಬಿಟ್ಟೆ. ವಿಂಡೊಲಾಂಡದ ಪತ್ರದ ಬಗ್ಗೆ ಅಲ್ಲಿರುವುದು ನಾಲ್ಕೇ ಸಾಲು. ಉತ್ತರ ಇಂಗ್ಲೆಂಡಿನ ಸೇನಾ ಕೋಟೆ, ಕ್ರಿ.ಶ. 100ರ ಆಸುಪಾಸು. ಕೋಟೆಯ ದಳಪತಿಯ ಹೆಂಡತಿ ಲೆಪಿಡಿನಾಗೆ ಕ್ಲಾಡಿಯಾ ಸೆವೆರಾ ಎಂಬ ಗೆಳತಿಯಿಂದ ಕರೆ: ಸೆಪ್ಟೆಂಬರ್ 11ಕ್ಕೆ ನನ್ನ ಹುಟ್ಟುಹಬ್ಬ, ನೀನು ಬಂದರೆ ಆ ದಿನದ ಖುಷಿ ಹೆಚ್ಚುತ್ತದೆ. ಪತ್ರ ಬರೆದದ್ದು ಗುಮಾಸ್ತ. ಕೊನೆಯ ಕೆಲವು ಸಾಲು ಮಾತ್ರ ಸೆವೆರಾಳದೇ ಕೈಬರಹ. ಹೆಂಗಸೊಬ್ಬಳು ಲ್ಯಾಟಿನ್‌ನಲ್ಲಿ ಸ್ವಂತ ಕೈಯಲ್ಲಿ ಬರೆದು ಇವತ್ತಿಗೂ ಉಳಿದಿರುವ ಅತಿ ಹಳೆಯ ಬರಹಗಳಲ್ಲಿ ಅದೂ ಒಂದು. ನೀವು ಅದನ್ನೇ ಬಿಟ್ಟಿದ್ದೀರಿ!

ಅಲ್ಲಿಂದಲೇ ಶುರು ಮಾಡಿ. ಪೋಸ್ಟ್ ಕಾರ್ಡಿನಷ್ಟು ಅಗಲದ ತೆಳ್ಳನೆಯ ಮರದ ಹಾಳೆ, ಅದರ ಮೇಲೆ ಶಾಯಿ. ಗಾಳಿಯಾಡದ ಹಸಿ ಮಣ್ಣಲ್ಲಿ ಹೂತಿದ್ದಕ್ಕೆ ಕೊಳೆಯದೆ ಉಳಿಯಿತು. ಅಲ್ಲೇ ಸಿಕ್ಕ ಇನ್ನೊಂದು ಪತ್ರದಲ್ಲಿ ಯಾರಿಗೋ ಕಾಲುಚೀಲ, ಎರಡು ಜೊತೆ ಚಪ್ಪಲಿ, ಎರಡು ಚಡ್ಡಿ ಕಳಿಸಿದ ವಿಷಯವಿದೆ. ಊರಿಂದ ಅಷ್ಟು ದೂರದ ಚಳಿಯಲ್ಲಿ ಇವರೆಲ್ಲ ಹೇಗೆ ಬದುಕಿದರು, ಯಾರಿಗೆ ಓದು ಬರಹ ಗೊತ್ತಿತ್ತು, ಗೆಳೆತನ ಹೇಗಿತ್ತು? ನೀವು ‘ಸಂಸ್ಕೃತಿ’ ಅಂತ ಹೇಳಲು ಹೊರಟದ್ದು ಇದನ್ನೇ. ಒಂದು ಸಾಲು ಮಾತ್ರ ತೆಗೆಯಿರಿ: ಸೆವೆರಾ ಹೇಡ್ರಿಯನ್ ಗೋಡೆಯನ್ನು ದಿನವೂ ನೋಡುತ್ತಿದ್ದಳು ಅನ್ನುವುದು. ಚಕ್ರವರ್ತಿ ಹೇಡ್ರಿಯನ್ ಗಡಿಗೆ ಕಟ್ಟಿಸಿದ ಆ ಗೋಡೆಯ ಕೆಲಸ ಶುರುವಾದದ್ದೇ 122ರಲ್ಲಿ.

ಚಕ್ರವರ್ತಿಗಳು ಬರಲಿ, ಇವರ ಬದುಕಿಗೆ ತಾಕುವಷ್ಟು ಸಾಕು. ‘ಅಪ್ರತಿಮ’, ‘ವೈಭವೋಪೇತ’ ಜಾಸ್ತಿ ಆಗಿವೆ, ಹೊಡೆದುಹಾಕಿ. ಎಂಟುನೂರು ಪದದೊಳಗೆ ಬರೆದು ಕಳಿಸಿ. ನಾನೇ ಓದುತ್ತೇನೆ.

ಸಂಪಾದಕ